ಎರಡರಲ್ಲೂ ಅದೇ ಆರ್‌ಟಿಎಕ್ಸ್ 4050, ಆದರೆ ಎಫ್‌ಪಿಎಸ್ ಬೇರೆ: ವ್ಯಾಲರಂಟ್‌ಗೆ ಯಾವ ಲ್ಯಾಪ್‌ಟಾಪ್?

ಹೊಸಬ_144: ವ್ಯಾಲರಂಟ್ ಮತ್ತು ಕೌಂಟರ್-ಸ್ಟ್ರೈಕ್ 2 ಆಡೋದಕ್ಕೆ ಲ್ಯಾಪ್‌ಟಾಪ್ ಬೇಕು, ಅಪರೂಪಕ್ಕೆ ಅಪೆಕ್ಸ್ ಲೆಜೆಂಡ್ಸ್. ಕೊನೆಗೆ ಎರಡು ಮಾಡೆಲ್ ಉಳಿದಿವೆ. ಎರಡರಲ್ಲೂ ಎನ್‌ವಿಡಿಯಾದ ಆರ್‌ಟಿಎಕ್ಸ್ 4050 ಗ್ರಾಫಿಕ್ಸ್ ಚಿಪ್, 144 ಹರ್ಟ್ಸ್ ಪರದೆ. ಒಂದನೆಯದು ತೆಳ್ಳಗಿದೆ, 1.7 ಕೆಜಿ, 16 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ಎರಡನೆಯದು ದಪ್ಪ, 2.4 ಕೆಜಿ, 8 ಜಿಬಿಯ ಒಂದೇ ಸ್ಟಿಕ್. ಒಂದನೆಯದರಲ್ಲಿ ಅರ್ಧ ಗಂಟೆ ವ್ಯಾಲರಂಟ್ ಆಡಿ ನೋಡಿದಾಗ ಶುರುವಿನಲ್ಲಿ 190 ಇದ್ದ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಹತ್ತು ನಿಮಿಷಕ್ಕೆ 110ಕ್ಕೆ ಇಳಿದು ಅಲ್ಲೇ ನಿಂತಿತು. ಚಿಪ್ ಒಂದೇ ಅಂದಮೇಲೆ ದಪ್ಪದ್ದರಲ್ಲೂ ಹೀಗೇ ಆಗುತ್ತಾ?

ವ್ಯಾಟ್_ಲೆಕ್ಕ: ಹೆಸರು ಒಂದೇ ಆದರೂ ಚಿಪ್‌ಗೆ ಸಿಗುವ ಕರೆಂಟ್ ಒಂದೇ ಅಲ್ಲ. ಲ್ಯಾಪ್‌ಟಾಪಿನ 4050ಗೆ ಎನ್‌ವಿಡಿಯಾ ಇಟ್ಟಿರುವ ಮಿತಿ 35ರಿಂದ 115 ವ್ಯಾಟ್. ಈ ಅಂತರದಲ್ಲಿ ಎಲ್ಲಿ ನಿಲ್ಲಿಸಬೇಕು ಅನ್ನೋದು ಲ್ಯಾಪ್‌ಟಾಪ್ ತಯಾರಿಸುವವರ ಕೈಯಲ್ಲಿದೆ. ಸ್ಪೆಸಿಫಿಕೇಶನ್ ಹಾಳೆಯಲ್ಲಿ ಟಿಜಿಪಿ (ಗ್ರಾಫಿಕ್ಸ್‌ಗೆ ಸಿಗುವ ಒಟ್ಟು ಪವರ್) ಅಂತ ಹುಡುಕಿ. ಅಲ್ಲಿ ಬರೆದಿಲ್ಲದಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು, ಹೆಲ್ಪ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಒತ್ತಿದರೆ ಗ್ರಾಫಿಕ್ಸ್ ಪವರ್ ಎಷ್ಟು ಅಂತ ತೋರಿಸುತ್ತೆ. 50 ವ್ಯಾಟಿನ 4050ಗೂ 95 ವ್ಯಾಟಿನದಕ್ಕೂ ಅಪೆಕ್ಸ್‌ನಂಥ ಆಟದಲ್ಲಿ ಎದ್ದು ಕಾಣುವ ವ್ಯತ್ಯಾಸ ಇರುತ್ತೆ.

ಆದರೆ ನಿಮ್ಮ ಸಮಸ್ಯೆಯಲ್ಲಿ ನನಗೆ ಅನುಮಾನ ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲಲ್ಲ, ಸಿಪಿಯು (ಮುಖ್ಯ ಪ್ರೊಸೆಸರ್) ಮೇಲೆ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಎರಡೂ ಕಡಿಮೆ ಸೆಟ್ಟಿಂಗ್‌ನಲ್ಲಿ ಸಿಪಿಯುವನ್ನೇ ಹೆಚ್ಚು ದುಡಿಸುತ್ತವೆ. ತೆಳು ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಸಿಪಿಯು, ಜಿಪಿಯು ಎರಡರ ಬಿಸಿಯೂ ಅದೇ ತಾಮ್ರದ ಪೈಪುಗಳಲ್ಲಿ ಹೋಗಬೇಕು. ಲೋಹ ತಣ್ಣಗಿರುವವರೆಗೂ ಚೆನ್ನಾಗಿ ಓಡುತ್ತೆ, ಪೂರ್ತಿ ಕಾದಮೇಲೆ ಸಿಪಿಯು ತಾನಾಗಿ ವೇಗ ಇಳಿಸುತ್ತೆ. ಹತ್ತು ನಿಮಿಷದ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತೆ. ಎಚ್‌ಡಬ್ಲ್ಯೂಇನ್ಫೊ ಅನ್ನೋ ತಾಪಮಾನ, ಪವರ್ ಅಳೆಯುವ ಸಾಫ್ಟ್‌ವೇರ್ ಹಾಕಿ, ಆಡುವಾಗ ಸಿಪಿಯು ಪ್ಯಾಕೇಜ್ ಪವರ್ ಮತ್ತು ತಾಪಮಾನ ಎರಡನ್ನೂ ಲಾಗ್ ಮಾಡಿ. ತಾಪಮಾನ 95 ಡಿಗ್ರಿ ಆಸುಪಾಸು ನಿಂತು ವ್ಯಾಟ್ 45ರಿಂದ 20ಕ್ಕೆ ಕುಸಿದರೆ ಅದು ಬಿಸಿಯ ಸಮಸ್ಯೆ. 70 ಡಿಗ್ರಿಯಲ್ಲೇ ವ್ಯಾಟ್ ಕುಸಿದರೆ ಬಿಸಿಯಲ್ಲ, ಪವರ್ ಪ್ರೊಫೈಲ್ ಅಥವಾ ಚಾರ್ಜರ್ ನೋಡಬೇಕು. 65 ವ್ಯಾಟಿನ ಯುಎಸ್‌ಬಿ-ಸಿ ಚಾರ್ಜರ್‌ನಿಂದ ಗೇಮ್ ಆಡಿದರೆ ಹೀಗೇ ಆಗುತ್ತೆ. ಜೊತೆಗೆ ಬಂದ ದೊಡ್ಡ ಅಡಾಪ್ಟರನ್ನೇ ಹಾಕಿ.

ಹೊಸಬ_144: ಲಾಗ್ ತೆಗೆದೆ, ಅಡಾಪ್ಟರ್ ಅದರದ್ದೇ. ಸಿಪಿಯು 96 ಡಿಗ್ರಿ, ಪವರ್ 48ರಿಂದ 19 ವ್ಯಾಟ್‌ಗೆ ಇಳಿದಿದೆ. ಹಾಗಾದರೆ ದಪ್ಪದ್ದೇ ತಗೊಳ್ಳಲಾ? ಅದರಲ್ಲಿ 8 ಜಿಬಿ ಮಾತ್ರ ಅನ್ನೋದೇ ಚಿಂತೆ.

ಜೋಡಿ_ಸ್ಟಿಕ್: ತಗೊಳ್ಳಿ. 8 ಜಿಬಿ ಕೊರತೆಯನ್ನು ಆಮೇಲೆ ತುಂಬಬಹುದು, ಬಿಸಿ ಹೊರಗೆ ಹೋಗೋ ದಾರಿ ಆಮೇಲೆ ತುಂಬಲಾಗಲ್ಲ. ಖಾಲಿ ಸ್ಲಾಟ್ ಇದೆಯಾ ಅಂತ ಮಾತ್ರ ಖಚಿತ ಮಾಡಿಕೊಳ್ಳಿ: ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಮೆಮೊರಿ. ಅಲ್ಲಿ ಎರಡರಲ್ಲಿ ಒಂದು ಸ್ಲಾಟ್ ಬಳಕೆಯಲ್ಲಿದೆ ಅಂತ ಬರಬೇಕು.

ಒಂದೇ ಸ್ಟಿಕ್ ಇದ್ದರೆ ಮೆಮೊರಿಯ ದಾರಿ 64 ಬಿಟ್, ಎರಡು ಹಾಕಿದರೆ 128 ಬಿಟ್. ಸರಾಸರಿ ಎಫ್‌ಪಿಎಸ್‌ಗಿಂತ ಹೆಚ್ಚಾಗಿ ಸುಧಾರಿಸೋದು ಅದರ ಕೆಳಮಟ್ಟ, ಅಂದರೆ ಸ್ಮೋಕ್ ಬಿದ್ದು ಮೂರ್ನಾಲ್ಕು ಜನ ಒಟ್ಟಿಗೆ ನುಗ್ಗಿದಾಗ ಆಗುವ ಜರ್ಕ್. ಈಗಿರುವ ರ‍್ಯಾಮ್ ಡಿಡಿಆರ್5 ಪೀಳಿಗೆಯದಾದರೆ ಡಿಡಿಆರ್5 ಸೋಡಿಮ್ (ಲ್ಯಾಪ್‌ಟಾಪ್ ಗಾತ್ರದ ಸ್ಟಿಕ್) ಅನ್ನೇ ತನ್ನಿ, ಡಿಡಿಆರ್4 ಆ ಸ್ಲಾಟಿಗೆ ಕೂರಲ್ಲ. 4800 ವೇಗದ ಸ್ಟಿಕ್ ಜೊತೆ 5600ರದ್ದು ಹಾಕಿದರೆ ಎರಡೂ 4800ರಲ್ಲೇ ಓಡುತ್ತವೆ, ತೊಂದರೆಯಿಲ್ಲ.

ಹಾಕುವಾಗ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಕವರ್ ಬಿಚ್ಚಿದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಿ. ಸ್ಟಿಕ್ಕನ್ನು ಓರೆಯಾಗಿ ಒಳಗೆ ತಳ್ಳಿ, ಚಿನ್ನದ ಬಣ್ಣದ ಅಂಚು ಬಹುತೇಕ ಕಾಣದಷ್ಟು ಒಳಗೆ ಹೋದಮೇಲೆ ಕೆಳಗೆ ಒತ್ತಿ. ಎರಡೂ ಬದಿಯ ಕ್ಲಿಪ್ ಟಕ್ ಅನ್ನಬೇಕು. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು. ಡಿಡಿಆರ್5 ಹೊಸ ಮೆಮೊರಿಗೆ ಹೊಂದಿಕೊಳ್ಳುತ್ತಿರುತ್ತೆ. ಕೆಟ್ಟುಹೋಯಿತು ಅಂತ ಪವರ್ ಬಟನ್ ಒತ್ತಿಹಿಡಿಯಬೇಡಿ, ದಯವಿಟ್ಟು ಕಾಯಿರಿ.

ಪರದೆ_ಪರೀಕ್ಷೆ: 144 ಹರ್ಟ್ಸ್ ಅನ್ನೋ ಸ್ಟಿಕ್ಕರ್ ನೋಡಿ ನಂಬಬೇಡಿ. 144 ಹರ್ಟ್ಸ್ ಅಂದರೆ ಒಂದು ಚಿತ್ರಕ್ಕೆ 6.9 ಮಿಲಿಸೆಕೆಂಡ್. ಪಿಕ್ಸೆಲ್ ಬಣ್ಣ ಬದಲಿಸಲು 20 ಮಿಲಿಸೆಕೆಂಡ್ ತಗೊಂಡರೆ ಓಡುವ ಶತ್ರುವಿನ ಹಿಂದೆ ಬಾಲದ ಹಾಗೆ ನೆರಳು ಕಾಣುತ್ತೆ. ಬಣ್ಣದ ವ್ಯಾಪ್ತಿ 45% ಎನ್‌ಟಿಎಸ್‌ಸಿ (ಬಣ್ಣ ಅಳೆಯುವ ಒಂದು ಮಾನದಂಡ) ಅಂತಿರುವ ಅಗ್ಗದ ಪರದೆಗಳಲ್ಲಿ ಇದು ಹೆಚ್ಚು. 100% ಎಸ್‌ಆರ್‌ಜಿಬಿ (ಇನ್ನೊಂದು ಮಾನದಂಡ) ಇರುವ ಮಾಡೆಲ್ ಸಿಕ್ಕರೆ ಒಳ್ಳೆಯದು. ಮಕ್ಸ್ ಸ್ವಿಚ್ (ಗ್ರಾಫಿಕ್ಸ್ ಚಿಪ್ಪನ್ನು ನೇರವಾಗಿ ಪರದೆಗೆ ಜೋಡಿಸುವ ಸ್ವಿಚ್) ಇದೆಯಾ ಅದನ್ನೂ ಕೇಳಿ. ಇಲ್ಲದಿದ್ದರೆ ಪ್ರತಿ ಫ್ರೇಮೂ ಸಿಪಿಯು ಒಳಗಿನ ಗ್ರಾಫಿಕ್ಸ್ ಮೂಲಕ ಸುತ್ತಿ ಪರದೆಗೆ ಬರುತ್ತೆ. ಎಫ್‌ಪಿಎಸ್ ಹೆಚ್ಚಿದಷ್ಟೂ ಆ ಸುತ್ತಿನ ನಷ್ಟ ಹೆಚ್ಚು.

ಹೊಸಬ_144: ಇನ್ನೊಂದು ಪ್ರಶ್ನೆ. 190 ಎಫ್‌ಪಿಎಸ್ ಇದ್ದಾಗಲೂ ಕೆಲವೊಮ್ಮೆ ಹೊಡೆದ ಗುಂಡು ಲೆಕ್ಕಕ್ಕೇ ಬರುತ್ತಿರಲಿಲ್ಲ. ಅದಕ್ಕೂ ಬಿಸಿಯೇ ಕಾರಣವಾ?

ವ್ಯಾಟ್_ಲೆಕ್ಕ: ಅದು ಬಹುಪಾಲು ನೆಟ್‌ವರ್ಕ್, ಯಾವ ಲ್ಯಾಪ್‌ಟಾಪ್ ತಂದರೂ ಹೋಗಲ್ಲ. ವ್ಯಾಲರಂಟ್ ವಿಡಿಯೊ ಸೆಟ್ಟಿಂಗ್‌ನ ಸ್ಟ್ಯಾಟ್ಸ್ ಭಾಗದಲ್ಲಿ ಕ್ಲೈಂಟ್ ಎಫ್‌ಪಿಎಸ್, ನೆಟ್‌ವರ್ಕ್ ಆರ್‌ಟಿಟಿ (ಸರ್ವರ್‌ಗೆ ಹೋಗಿಬರುವ ಸಮಯ), ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋಗುವ ಡೇಟಾ) ಮೂರನ್ನೂ ಗ್ರಾಫ್ ಸಮೇತ ಹಾಕಿಕೊಳ್ಳಿ. ಎಫ್‌ಪಿಎಸ್ ಗೆರೆ ನೆಟ್ಟಗಿದ್ದು ಆರ್‌ಟಿಟಿ ಗೆರೆ ಹಲ್ಲುಹಲ್ಲಾಗಿ ಏರಿಳಿದರೆ ತಪ್ಪು ಹೆಚ್ಚಾಗಿ ವೈಫೈನದ್ದು. 2.4 ಗಿಗಾಹರ್ಟ್ಸ್ ಬಿಟ್ಟು 5ಕ್ಕೆ ಬದಲಿಸಿ. ಕೇಬಲ್ ಎಳೆಯಲು ಆಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ, ದಪ್ಪ ಮಾಡೆಲ್‌ನಲ್ಲಿ ಈಥರ್ನೆಟ್ ಪೋರ್ಟ್ ಇದೆಯಾ ನೋಡಿಕೊಳ್ಳಿ.

ಜೋಡಿ_ಸ್ಟಿಕ್: ಈ ಚರ್ಚೆ ಓದಿ ಬೇರೆ ಮಾಡೆಲ್ ನೋಡುವವರಿಗೆ ಒಂದು ಮಾತು: ವ್ಯಾಲರಂಟ್‌ಗೆ ಮ್ಯಾಕ್ ಆವೃತ್ತಿ ಇಲ್ಲ. ಎಆರ್‌ಎಂ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್ ಕೂಡ ಈ ಆಟಕ್ಕೆ ಬೇಡ. ಇಂಟೆಲ್, ಎಎಮ್‌ಡಿಗೆ ಬರೆದ ಕರ್ನಲ್ ಡ್ರೈವರ್ (ವಿಂಡೋಸ್‌ನ ಆಳದಲ್ಲಿ ಓಡುವ ತಂತ್ರಾಂಶ) ಅದರಲ್ಲಿ ಓಡಲ್ಲ, ವ್ಯಾಲರಂಟ್‌ನ ಮೋಸ ತಡೆಯುವ ವ್ಯಾನ್‌ಗಾರ್ಡ್ ಕೆಲಸ ಮಾಡೋದು ಅಂಥ ಡ್ರೈವರ್ ಮೂಲಕ. ವಿಂಡೋಸ್ 11ರಲ್ಲಿ ಟಿಪಿಎಮ್ 2.0 ಮತ್ತು ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ಸೌಲಭ್ಯ ಎರಡೂ ಆನ್ ಇರಬೇಕು, ಇಲ್ಲದಿದ್ದರೆ ಆಟ ತೆರೆಯದೆ ಎರರ್ ಕೊಡುತ್ತೆ. ಬಯಾಸ್ ಅಪ್‌ಡೇಟ್ ಆದಮೇಲೆ ಇವು ಆಫ್ ಆಗಿದ್ದರೆ ಬಯಾಸ್ ಒಳಗೆ ಹೋಗಿ ಮತ್ತೆ ಆನ್ ಮಾಡಿ.

ಹೊಸಬ_144: ದಪ್ಪದ್ದರ ಟಿಜಿಪಿ 95 ವ್ಯಾಟ್, ಸ್ಲಾಟ್ ಒಂದು ಖಾಲಿ, ಈಥರ್ನೆಟ್ ಇದೆ, ಮಕ್ಸ್ ಇದೆ. ಅದನ್ನೇ ತಗೊಳ್ತೀನಿ, ಜೊತೆಗೆ 8 ಜಿಬಿ ಡಿಡಿಆರ್5 ಸ್ಟಿಕ್. ಎಲ್ಲರಿಗೂ ಧನ್ಯವಾದ.

ವ್ಯಾಟ್_ಲೆಕ್ಕ: ರಿಟರ್ನ್ ಅವಧಿ ಮುಗಿಯುವ ಮುಂಚೆ ಅದೇ ಅರ್ಧ ಗಂಟೆಯ ಲಾಗ್ ತೆಗೆದು ಇಲ್ಲಿ ಹಾಕಿ. ಗಟ್ಟಿ ಮೇಜಿನ ಮೇಲಿಟ್ಟು, ಪರ್ಫಾರ್ಮೆನ್ಸ್ ಮೋಡ್‌ನಲ್ಲಿ.