ಜೆಲ್ಲಿಫಿಶ್, ಹವಳದ ಪಾಠ: ನೀವು ಹೇಗೆ ಮಾಡಿದ್ರಿ?

ಕುಂಬಳೆಯ ಟೀಚರ್ ಕೇಳಿದ್ದು:
ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿಸುತ್ತೇನೆ. ಜೆಲ್ಲಿಫಿಶ್, ಹೈಡ್ರಾ (ಸಿಹಿನೀರಿನ ಪುಟ್ಟ ಪ್ರಾಣಿ), ಹವಳ ಮೂರೂ ನೈಡೇರಿಯಾ (ಕುಟುಕು ಕಣಗಳಿರುವ ಪ್ರಾಣಿಗಳ) ಗುಂಪು ಅಂದ್ರೆ ಮಕ್ಕಳು ನಂಬುವುದಿಲ್ಲ. "ಹವಳ ಕಲ್ಲಲ್ವಾ ಟೀಚರ್, ಅಮ್ಮನ ಉಂಗುರದಲ್ಲಿ ಉಂಟು" ಅಂತಾನೆ ಒಬ್ಬ. ಕಡಲು ಹತ್ತಿರವೇ ಉಂಟು, ಲ್ಯಾಬಿನಲ್ಲಿ ಮಾತ್ರ ಏನೂ ಇಲ್ಲ.

ಮಂಜೇಶ್ವರದ ಮಾಸ್ಟ್ರು:
ಒಂದು ಹಳೆ ಕೊಡೆ ಸಾಕು ಟೀಚರ್. ಅಂಚಿಗೆ ಸುತ್ತ ದಾರ ಕಟ್ಟಿ. ಬಿಡಿಸಿ ಹಿಡಿದರೆ ದಾರ ಕೆಳಗೆ ನೇತಾಡುತ್ತೆ, ಅದು ಜೆಲ್ಲಿಫಿಶ್. ಹಿಡಿಯ ತುದಿಯಲ್ಲಿ ಬಾಯಿ. ಅದೇ ಕೊಡೆಯನ್ನು ಮಗುಚಿ ನೆಲಕ್ಕಿಡಿ. ಬಾಯಿ ಮೇಲೆ ಬಂತು, ಸುತ್ತ ಕೈಗಳು. ಅದು ಹೈಡ್ರಾ, ಅದೇ ಹವಳದ ಪಾಲಿಪ್, ಅಂದ್ರೆ ಹವಳ ಕಟ್ಟುವ ಪುಟ್ಟ ಪ್ರಾಣಿ. ತಿನ್ನುವುದೂ ಆ ಬಾಯಿಯಲ್ಲೇ, ಕಸ ಹೊರಹಾಕುವುದೂ ಅಲ್ಲೇ ಅಂದ್ರೆ ಕ್ಲಾಸ್ ಇಡೀ "ಛೀ" ಅನ್ನುತ್ತೆ. ಆಮೇಲೆ ಪರೀಕ್ಷೆಯಲ್ಲಿ ಯಾರೂ ಮರೆತದ್ದಿಲ್ಲ.

ಉಪ್ಪಳದ ಟೀಚರ್:
ನಾನು ಶುರು ಮಾಡುವುದು 'ಕಡಲ್ ಚೊರಿ'ಯಿಂದ. ಮೀನುಗಾರರ ಮನೆ ಮಕ್ಕಳಿಗೆ ಜೆಲ್ಲಿಫಿಶ್‌ನ ಆ ಮಲಯಾಳ ಹೆಸರು ಗೊತ್ತೇ ಇರುತ್ತೆ, ಕಡಲಿನ ತುರಿಕೆ ಅಂತ ಅರ್ಥ. ಯಾಕೆ ತುರಿಸುತ್ತೆ ಅಂತ ಕೇಳಿದ್ರೆ ಪಾಠ ತಾನಾಗಿ ಬರುತ್ತೆ. ಒಂದು ರಬ್ಬರ್ ಗ್ಲೌಸ್ ತನ್ನಿ. ಒಂದು ಬೆರಳನ್ನು ಒಳಗೆ ತಳ್ಳಿ, ಮಣಿಕಟ್ಟಿನ ಬಾಯಿ ಬಿಗಿ ಹಿಡಿದು ಊದಿ. ಬೆರಳು ಟಪ್ ಅಂತ ಹೊರಗೆ ಹಾರುತ್ತೆ. ಕುಟುಕು ಕಣದ ಒಳಗೆ ಸುರುಳಿ ಸುತ್ತಿಕೊಂಡ ಎಳೆಯೂ ಹೀಗೇ ಒಳಮುಖ ಹೊರಗಾಗಿ ಚಿಮ್ಮುವುದು. ಹೈಡ್ರಾದಲ್ಲಿ ಅದರ ಮುಳ್ಳು ಹೊರಬರಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಬೇಡ.

ನನ್ನ ತಪ್ಪು ಒಂದು ಹೇಳ್ತೇನೆ. ದಡಕ್ಕೆ ಬಿದ್ದ ಜೆಲ್ಲಿಫಿಶ್ ಸತ್ತಿದೆ ಅಂತ ಬಕೆಟಿನಲ್ಲಿ ಕ್ಲಾಸಿಗೆ ತಂದಿದ್ದೆ. ಹುಡುಗಿಯೊಬ್ಬಳು ಬೆರಳಿಟ್ಟಳು. ಐದೇ ನಿಮಿಷಕ್ಕೆ ಕೈ ಮೇಲೆ ಕೆಂಪು ಬರೆ. ಸತ್ತ ಮೇಲೂ ಕುಟುಕು ಕಣ ಸಿಡಿಯುತ್ತೆ. ನಾನು ಗಾಬರಿಯಲ್ಲಿ ನಳ್ಳಿ ನೀರು ಹಾಕಿ ಉಜ್ಜಿದೆ, ಉರಿ ಇನ್ನೂ ಜಾಸ್ತಿ ಆಯ್ತು. ಸಿಹಿನೀರು ತಾಗಿದರೆ ಉಳಿದ ಕಣಗಳೂ ಸಿಡಿಯಬಹುದಂತೆ, ಡಾಕ್ಟ್ರು ಬೈದರು. ಕಡಲ ನೀರಲ್ಲೇ ತೊಳೆಯಬೇಕಿತ್ತು. ಈಗ ದಡದಲ್ಲೇ ನಿಂತು ತೋರಿಸುತ್ತೇನೆ, ಮುಟ್ಟಲು ಬಿಡುವುದಿಲ್ಲ.

ಹೊಸದುರ್ಗದವರು:
ವಿನೆಗರ್ ಹಾಕಿ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡ್ತೇನೆ, ಅದು ಎಲ್ಲ ಜಾತಿಗೂ ಆಗುವುದಿಲ್ಲ. ಕೆಲವಕ್ಕೆ ಉಲ್ಟಾ ಹೊಡೆಯುತ್ತೆ. ಮೂತ್ರದ ಮದ್ದಂತೂ ಸುಮ್ನೆ ಕತೆ.

ಉಂಗುರದ ಹುಡುಗನಿಗೆ ಹೀಗೆ ಹೇಳಿ: ಅವನದ್ದೂ ಪೂರ್ತಿ ತಪ್ಪಲ್ಲ. ಅಮ್ಮನ ಹವಳ ಅಸಲಿಯಾದರೆ ಅದು ಪಾಲಿಪ್‌ಗಳು ಕಟ್ಟಿದ ಸುಣ್ಣದ ಗೂಡು. ಗೂಡು ಕಲ್ಲು, ಕಟ್ಟಿದ್ದು ಪ್ರಾಣಿ. ಚಿಪ್ಪಿನ ಮೇಲೆ ವಿನೆಗರ್ ಬಿಟ್ಟು ಗುಳ್ಳೆ ಏಳುವುದು ತೋರಿಸಿ, ಹವಳದ್ದೂ ಅದೇ ವಸ್ತು. (ಉಂಗುರದ ಮೇಲೆ ಬೇಡ ಮಾರಾಯ್ರೇ, ಅಮ್ಮಂದಿರು ಶಾಲೆಗೆ ಬರ್ತಾರೆ!) ಲಕ್ಷದ್ವೀಪ ನಿಂತಿರುವುದೇ ಇಂಥ ಗೂಡುಗಳ ಮೇಲೆ ಅಂದ್ರೆ ಮಕ್ಕಳ ಕಣ್ಣು ಅರಳುತ್ತೆ. ಆದರೆ ಅಲ್ಲಿಂದ ಹವಳದ ತುಂಡು ತರಿಸಬೇಡಿ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತೆ.

ಕುಂಬಳೆಯ ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ಗ್ಲೌಸ್ ಇವತ್ತೇ ಊದಿ ನೋಡಿದೆ, ಮೂರನೇ ಸಲಕ್ಕೆ ಬೆರಳು ಹಾರಿತು. ಕೊಡೆ ಪಾಠ ಮಾತ್ರ ಮಳೆ ಬಿಟ್ಟ ಮೇಲೆ. ಈಗ ಮನೆಯಲ್ಲಿ ಯಾರೂ ಕೊಡೆ ಕೊಡುವುದಿಲ್ಲ.