ಡಿ-ಇ-ಎ-ಡಿ ಕಂಡ ಮಾತ್ರಕ್ಕೆ ಹೆಲಿಕೇಸ್ ಅನ್ನಬಹುದಾ?

ಪ್ರಶ್ನೆ: ಯೀಸ್ಟಿನ ಒಂದು ಪ್ರೋಟೀನಿನ ಅನುಕ್ರಮ (ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರದಂತೆ ಬರೆದ ಸಾಲು) ಕೊಟ್ಟು, ಯಾವ ಕುಟುಂಬದ್ದು ಹೇಳಿ ಅಂದಿದ್ದಾರೆ. ಸುಮ್ನೆ ಕಣ್ಣಾಡಿಸುವಾಗ ನಡುವೆ ಡಿ-ಇ-ಎ-ಡಿ ಸಿಕ್ಕಿತು. ಡೆಡ್-ಬಾಕ್ಸ್ ಹೆಲಿಕೇಸ್ (ಆರ್‌ಎನ್‌ಎ ಎಳೆಗಳನ್ನು ಬಿಡಿಸುವ ಪ್ರೋಟೀನುಗಳ ಕುಟುಂಬ) ಅಂತ ಬರೆದು ಮುಗಿಸಿಬಿಡಲಾ?

ಉತ್ತರ 1: ಬೇಡ ಮಾರಾಯ್ರೇ. 20 ಅಮೈನೋ ಆಮ್ಲಗಳಿಂದ ನಾಲ್ಕಕ್ಷರದ ತುಣುಕು 1,60,000 ಬಗೆಯಲ್ಲಿ ಆಗುತ್ತದೆ, ಯೀಸ್ಟಿನ ಸುಮಾರು 6,000 ಪ್ರೋಟೀನುಗಳನ್ನು ಸಾಲಾಗಿ ಇಟ್ಟರೆ ಇಪ್ಪತ್ತು ಲಕ್ಷ ಅಕ್ಷರ ದಾಟುತ್ತದೆ, ಅಂದರೆ ಇದು ಆಕಸ್ಮಿಕವಾಗಿಯೂ ಹಲವು ಕಡೆ ಬರಬಹುದು ಅಲ್ವಾ? ನೂರು ಅಕ್ಷರದಷ್ಟು ಹಿಂದೆ ಹೋಗಿ, ಜಿ-ಕೆ-ಟಿ ಹುಡುಕಿ. ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಹಿಡಿಯುವ ಜಾಗ ಅದು. ಡಿ-ಇ-ಎ-ಡಿಯಿಂದ ಮುಂದೆ 30 ಅಕ್ಷರದ ಆಸುಪಾಸಿನಲ್ಲಿ ಎಸ್-ಎ-ಟಿ ಇರಬೇಕು. ಇನ್ನೂ ಮುಂದೆ ಎಚ್-ಆರ್, ಯಾವುದಾದರೂ ಒಂದು ಅಕ್ಷರ, ಜಿ-ಆರ್, ಯಾವುದಾದರೂ ಎರಡು, ಮತ್ತೆ ಆರ್. ಇದೇ ಕ್ರಮದಲ್ಲಿ ಸಿಕ್ಕರೆ ಮಾತ್ರ ಧೈರ್ಯವಾಗಿ ಬರೆಯಿರಿ.

ಉತ್ತರ 2: ಜಿ-ಕೆ-ಟಿ ಒಂದನ್ನೇ ನಂಬಬೇಡಿ, ಎಟಿಪಿ ಬಳಸುವ ಬೇರೆ ಎಷ್ಟೋ ಪ್ರೋಟೀನುಗಳಲ್ಲೂ ಅದಿದೆ. ಕೊನೆಯ ಅಕ್ಷರವನ್ನೂ ಇನ್ನೊಮ್ಮೆ ನೋಡಿ. ಡಿ-ಇ-ಎ-ಎಚ್ ಆಗಿದ್ದರೆ ಕುಟುಂಬವೇ ಬೇರೆ. ನಾನು ಒಮ್ಮೆ ಅವಸರದಲ್ಲಿ ಎಚ್ ಅನ್ನು ಡಿ ಅಂತ ಓದಿ ಬೈಸಿಕೊಂಡಿದ್ದೇನೆ. ಕಣ್ಣಲ್ಲಿ ಹುಡುಕುವ ಬದಲು ಪ್ಫಾಮ್ (ಪ್ರೋಟೀನು ಕುಟುಂಬಗಳ ಡೇಟಾಬೇಸ್) ಕೊಡುವ ಪ್ರೊಫೈಲ್, ಅಂದರೆ ಇಡೀ ಕುಟುಂಬದ ಮಾದರಿಯ ಜೊತೆ ಹೋಲಿಸಿ. ಒಂದೆರಡು ಅಕ್ಷರ ಬದಲಾಗಿದ್ದರೂ ಅದು ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು: ನೋಡಿದೆ. ಜಿ-ಕೆ-ಟಿ ಇಲ್ಲವೇ ಇಲ್ಲ, ಎಸ್-ಎ-ಟಿಯೂ ಇಲ್ಲ! ಸದ್ಯ, ಬರೆದು ಕೊಟ್ಟಿರಲಿಲ್ಲ.