ಏರ್‌ಸಾಫ್ಟ್‌ಗೆ ಮೈ ಪಳಗಿಸೋದು: ಓಡೋದಕ್ಕಿಂತ ಎದ್ದೇಳೋದೇ ಕಷ್ಟ

ಹಾಂ, ಎಲ್ಲರೂ ಕೇಳಿಸ್ಕೊಳ್ಳಿ, ಸ್ವಲ್ಪ ಉದ್ದ ಆಗುತ್ತೆ. ತಮ್ಮ ನಿನ್ನೆ ಗ್ರೂಪಲ್ಲಿ ಕೇಳಿದ್ದ: ಇನ್ನು 8 ವಾರಕ್ಕೆ ಮೊದಲ ಏರ್‌ಸಾಫ್ಟ್ ಆಟ, ದಿನವಿಡೀ ಕುರ್ಚಿ ಮೇಲೆ ಕೂತು ಕೆಲಸ, ಎರಡು ಮಹಡಿ ಹತ್ತಿದ್ರೆ ಏದುಸಿರು, ಏನು ಮಾಡ್ಲಿ ಅಂತ. ಮಾವ "ದಿನಾ 5 ಕಿಲೋಮೀಟರ್ ಓಡು, ಸಾಕು" ಅಂದ್ರು. ಚಿಕ್ಕಮ್ಮ "ಮಂಡಿ ಕೆಟ್ಟು ಕೂರಲ್ವಾ?" ಅಂದ್ರು. ಮೂರಕ್ಕೂ ಒಟ್ಟಿಗೇ ಉತ್ತರ ಹೇಳ್ತೀನಿ.

ಮೊದಲು, ಈ ಆಟ ಮೈಯಿಂದ ಏನು ಕೇಳುತ್ತೆ ಅನ್ನೋದು. 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡು ಹಾರಿಸೋ ಆಟಿಕೆ ಬಂದೂಕು ಹಿಡ್ಕೊಂಡು ತಂಡ ತಂಡವಾಗಿ ಆಡೋದು. ಯಾರೂ ಅರ್ಧ ಗಂಟೆ ಒಂದೇ ಸಮ ಓಡಲ್ಲ. ಮರದ ಹಿಂದೆ ಮಂಡಿಯೂರಿ ಎರಡು ನಿಮಿಷ ಕಾಯ್ತಾರೆ, ಧಡಕ್ಕನೆ ಎದ್ದು 15 ಮೀಟರ್ ಓಡ್ತಾರೆ, ಗಕ್ಕಂತ ನಿಂತು ಮತ್ತೆ ಕುಕ್ಕರಗಾಲಲ್ಲಿ ಕೂರ್ತಾರೆ, ಬೋರಲು ಬೀಳ್ತಾರೆ, ಮತ್ತೆ ಏಳ್ತಾರೆ. ಇದು ದಿನಕ್ಕೆ ಹತ್ತಾರು ಸಲ, ಅದೂ ಮೈಮೇಲೆ ಭಾರ ಹೊತ್ಕೊಂಡು. ಸಾಮಾನ್ಯ ಎಲೆಕ್ಟ್ರಿಕ್ ರೈಫಲ್ ರೆಪ್ಲಿಕಾನೇ (ಅಸಲಿ ಥರ ಕಾಣೋ ಆ ಆಟಿಕೆ ಬಂದೂಕು) ಸುಮಾರು 3 ಕೆಜಿ ಇರುತ್ತೆ. ಅದರ ಮೇಲೆ ಗುಂಡು ತುಂಬೋ ಮ್ಯಾಗಜೀನು, ಸಾಮಾನು ಇಟ್ಕೊಳ್ಳೋ ವೆಸ್ಟು, ಒಂದೂವರೆ ಲೀಟರ್ ನೀರು, ಬೂಟು ಎಲ್ಲ ಸೇರಿದ್ರೆ 8ರಿಂದ 10 ಕೆಜಿ ಸುಲಭವಾಗಿ ಆಗುತ್ತೆ. ಹಾಗಾಗಿ ಹೊಸಬರು ಮಧ್ಯಾಹ್ನದ ಹೊತ್ತಿಗೆ ಕುಸಿಯೋದು ದಮ್ಮು ಸಾಲದೆ ಅಲ್ಲ, ತೊಡೆ ಸತ್ತುಹೋಗಿ. ಕೂತಲ್ಲಿಂದ ಏಳೋಕಾಗಲ್ಲ, ಏಳೋಕಾಗದವನು ಜಾಗ ಬದಲಾಯಿಸಲ್ಲ, ಜಾಗ ಬದಲಾಯಿಸದವನಿಗೆ ಗುಂಡು ಬಿತ್ತು ಅಂತಾನೇ ಲೆಕ್ಕ.

ಅದಕ್ಕೇ ಮಾವ, ನೀವು ಹೇಳಿದ್ದು ಅರ್ಧ ಸರಿ. ಪೂರ್ತಿ ಜೋರಾಗಿ ಓಡೋಕೆ ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿ ಸುಮಾರು 10 ಸೆಕೆಂಡಿಗೆ ಖಾಲಿ ಆಗುತ್ತೆ. ಅದು ಅರ್ಧದಷ್ಟು ತುಂಬೋಕೆ ಅರ್ಧ ನಿಮಿಷ, ಬಹುಪಾಲು ತುಂಬೋಕೆ ಎರಡು ಮೂರು ನಿಮಿಷ ಬೇಕು. ಹಾಗೆ ತುಂಬೋ ಕೆಲಸ ಮಾಡೋದು ಉಸಿರಾಟದ ದಮ್ಮು. ನಿಧಾನ ಓಟದಿಂದ ಆ ದಮ್ಮು ಬರುತ್ತೆ, ಅಷ್ಟರ ಮಟ್ಟಿಗೆ ಓಟ ಬೇಕೇ ಬೇಕು. ಆದ್ರೆ ದಿನಾ ಬೇಡ. ಕುರ್ಚಿ ಬಿಟ್ಟು ಏಳದವನು ಮೊದಲ ವಾರವೇ ದಿನಕ್ಕೆ 5 ಕಿಲೋಮೀಟರ್ ಶುರು ಮಾಡಿದ್ರೆ, ಮಂಡಿ ಕೆಳಗೆ ಮುಂಭಾಗದ ಎಲುಬಿನ ಉದ್ದಕ್ಕೂ ನೋವು ಹಿಡಿಯಬಹುದು. ಉಸಿರು ಬೇಗ ಪಳಗುತ್ತೆ, ಎಲುಬು ಮತ್ತೆ ಸ್ನಾಯುರಜ್ಜು ತಿಂಗಳುಗಟ್ಟಲೆ ತಗೊಳ್ಳುತ್ತೆ. ಎಡವಟ್ಟಾಗೋದೇ ಅಲ್ಲಿ: ದಮ್ಮು ಬಂತು ಅಂತ ಖುಷಿಯಲ್ಲಿ ಜಾಸ್ತಿ ಓಡ್ತೀವಿ, ಕಾಲು ಇನ್ನೂ ತಯಾರಾಗಿರಲ್ಲ.

ತಮ್ಮಾ, ವಾರ ಹೀಗೆ ಹಂಚ್ಕೋ. ಎರಡು ದಿನ ಓಟ, ಎರಡು ದಿನ ಬಲದ ವ್ಯಾಯಾಮ, ಒಂದು ದಿನ ಭಾರ ಹೊತ್ತು ನಡಿಗೆ, ಎರಡು ದಿನ ಬಿಡುವು. ಬಲದ ಎರಡು ದಿನಗಳ ಮಧ್ಯೆ ಕನಿಷ್ಠ 48 ಗಂಟೆ ಇರಲಿ.

ಮೊದಲ ಎರಡು ವಾರ ಓಟ ಅಂದ್ರೆ 2 ನಿಮಿಷ ನಿಧಾನ ಓಡೋದು, 2 ನಿಮಿಷ ನಡೆಯೋದು, ಒಟ್ಟು 24 ನಿಮಿಷ. ಓಡ್ತಾ ಓಡ್ತಾ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಆಗ್ತಿಲ್ಲ ಅಂದ್ರೆ ವೇಗ ಜಾಸ್ತಿ ಆಯ್ತು ಅಂತ. ಮೂರನೇ ವಾರದಿಂದ ಎರಡು ಓಟದಲ್ಲಿ ಒಂದನ್ನ ಚುರುಕು ಓಟ ಮಾಡು: ಸ್ವಲ್ಪ ಏರು ಇರೋ ಜಾಗದಲ್ಲಿ 10 ಸೆಕೆಂಡ್ ಜೋರು, ಆಮೇಲೆ ಒಂದೂವರೆ ನಿಮಿಷ ನಡಿಗೆ, 6 ಸಲ. ಸಮತಟ್ಟಲ್ಲಿ ಜೋರು ಓಡಿದ್ರೆ ತೊಡೆ ಹಿಂಭಾಗ ಪೂರ್ತಿ ಚಾಚಿಕೊಂಡಾಗಲೇ ಎಳೆತ ಬೀಳುತ್ತೆ, ಸ್ನಾಯು ಹರಿಯೋದು ಆಗಲೇ. ಏರಿನಲ್ಲಿ ಹೆಜ್ಜೆ ತಾನಾಗೇ ಚಿಕ್ಕದಾಗುತ್ತೆ, ಅಪಾಯ ಕಡಿಮೆ. ಮೊದಲ ಎರಡು ಸಲ ನೂರಕ್ಕೆ 80ರಷ್ಟು ಜೋರು ಸಾಕು. ಐದನೇ ವಾರಕ್ಕೆ ಸಮತಟ್ಟಿಗೆ ಬಾ, 8 ಸಲಕ್ಕೆ ಏರಿಸು.

ಬಲದ ವ್ಯಾಯಾಮಕ್ಕೆ ಜಿಮ್ಮೇ ಬೇಕಂತಿಲ್ಲ. ಬಸ್ಕಿ 12ರಂತೆ 3 ಸುತ್ತು. ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ಇಳಿದು ಏಳೋದು, ಒಂದೊಂದು ಕಾಲಿಗೆ 8ರಂತೆ 3 ಸುತ್ತು. ಇದು ಮಂಡಿಯೂರಿ ಏಳೋದರದ್ದೇ ಅಭ್ಯಾಸ, ಇದೊಂದನ್ನ ಮಾತ್ರ ಯಾವತ್ತೂ ತಪ್ಪಿಸಬೇಡ. ಮೆಟ್ಟಿಲಿಂದ ಇಳಿಯೋದು: 15, 20 ಸೆಂಟಿಮೀಟರ್ ಎತ್ತರದ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿ ನೆಲಕ್ಕೆ ತಾಗೋವರೆಗೂ ಮೂರು ಎಣಿಸ್ತಾ ನಿಧಾನಕ್ಕೆ ಇಳಿ, ಕಾಲಿಗೆ 8. ನೋಡೋಕೆ ಸುಲಭ, ಮಾಡೋಕೆ ಅಲ್ಲ. ಓಡಿ ಗಕ್ಕಂತ ನಿಲ್ಲುವಾಗ ತೊಡೆ ಮಾಡೋ ಕೆಲಸ ಇದೇ, ಬ್ರೇಕ್ ಹಾಕೋದು. ಮಂಡಿ ಒಳಕ್ಕೆ ವಾಲಿದ್ರೆ ಮೆಟ್ಟಿಲ ಎತ್ತರ ಕಡಿಮೆ ಮಾಡು, ಸಂಖ್ಯೆ ಕಡಿಮೆ ಮಾಡಬೇಡ. ಇದರ ಜೊತೆಗೆ ಅಂಗಾತ ಮಲಗಿ ಸೊಂಟ ಎತ್ತೋದು 12ರಂತೆ 3, ತುದಿಗಾಲಲ್ಲಿ ಏಳೋದು 15ರಂತೆ 3, ಪುಷ್‌ಅಪ್ ಸುಸ್ತಾಗೋಕೆ ಎರಡು ಬಾಕಿ ಇರೋವರೆಗೆ 3 ಸುತ್ತು, ಭಾರದ ಚೀಲ ಬಗ್ಗಿ ಎದೆಗೆ ಎಳೆಯೋದು 10ರಂತೆ 3, ಪ್ಲಾಂಕ್ (ಮೊಣಕೈ, ತುದಿಗಾಲು ಊರಿ ಮೈ ನೆಟ್ಟಗೆ ಹಿಡಿಯೋದು) 30 ಸೆಕೆಂಡಿಂದ ಶುರು. 45 ನಿಮಿಷಕ್ಕೆ ಎಲ್ಲ ಮುಗಿಯುತ್ತೆ.

ನಾಲ್ಕನೇ ವಾರದಿಂದ ಬಲದ ದಿನದ ಕೊನೇಲಿ ಆಟದ ಥರಾನೇ ಬಿದ್ದು ಎದ್ದು ಓಡೋ ಅಭ್ಯಾಸ ಒಂದನ್ನ ಸೇರಿಸು. ಇದೇ ಅಸಲಿ ಸಿದ್ಧತೆ, ಗಮನ ಇಟ್ಟು ಕೇಳು. ಬೋರಲು ಮಲಗು. ಎದ್ದು 15 ಮೀಟರ್ ಓಡು. ಕೊನೇ ಮೂರು ನಾಲ್ಕು ಹೆಜ್ಜೆ ಚಿಕ್ಕದು ಮಾಡಿ, ಸೊಂಟ ತಗ್ಗಿಸಿ ನಿಲ್ಲು. ಬಲ ಮಂಡಿಯೂರಿ, ಕೈಲಿರೋ ಕೋಲನ್ನ ಭುಜಕ್ಕೆ ಕೊಟ್ಟು 20 ಸೆಕೆಂಡ್ ಅಲ್ಲಾಡದೆ ಇರು. ಏಳು, ಅಡ್ಡಡ್ಡ 5 ಮೀಟರ್ ಸರಿ, ಈಗ ಎಡ ಮಂಡಿ, ಕೋಲು ಎಡ ಭುಜಕ್ಕೆ, 20 ಸೆಕೆಂಡ್. ಮತ್ತೆ ಬೋರಲು. ಇದು ಒಂದು ಸುತ್ತು. 2 ನಿಮಿಷ ಬಿಡುವು, 4 ಸುತ್ತು ಸಾಕು. ಏಳನೇ ವಾರಕ್ಕೆ 8 ಸುತ್ತು, ಅಷ್ಟೊತ್ತಿಗೆ ವೆಸ್ಟ್ ಹಾಕ್ಕೊಂಡೇ ಮಾಡು.

ಎರಡೂ ಭುಜ ಯಾಕೆ ಅಂದ್ರೆ, ಗೋಡೆಯ ಎಡ ಅಂಚಿಂದ ಇಣುಕಿ ಹೊಡೀಬೇಕಾದ್ರೆ ಬಂದೂಕು ಎಡ ಭುಜಕ್ಕೆ ಬರಬೇಕು. ಇಲ್ಲಾಂದ್ರೆ ಅರ್ಧ ಮೈ ಆಚೆ ಕಾಣುತ್ತೆ. ಕೋಲು ಯಾಕೆ ಅಂದ್ರೆ, ಇದು ಬಹಳ ಮುಖ್ಯ: ಬಯಲಲ್ಲಿ, ಪಾರ್ಕಲ್ಲಿ, ಮನೆ ಮಾಳಿಗೆ ಮೇಲೆ ಕೂಡ ರೆಪ್ಲಿಕಾ ಹಿಡಿದು ಅಭ್ಯಾಸ ಮಾಡಬೇಡ. ದೂರದಿಂದ ನೋಡೋರಿಗೆ ಅದು ನಿಜವಾದ ಬಂದೂಕೇ. ಪೊಲೀಸರು ಬಂದ್ರೆ ಅವರೂ ಹಾಗೇ ಅಂದ್ಕೊಂಡು ಬರ್ತಾರೆ. ಆಟದ ಮೈದಾನದ ಹೊರಗೆ ಅದು ಚೀಲದೊಳಗೇ ಇರಲಿ.

ಬೋರಲಿಂದ ಏಳೋದಕ್ಕೂ ಒಂದು ಕ್ರಮ ಇದೆ. ಹೊಸಬರು ಎರಡೂ ಕೈ ಊರಿ, ಎರಡೂ ಕಾಲು ಒಟ್ಟಿಗೆ ಎಳೆದು ಹಾರಿ ಏಳ್ತಾರೆ. ನಾಲ್ಕು ಸಲ ಚೆಂದ ಕಾಣುತ್ತೆ, ಹತ್ತನೇ ಸಲಕ್ಕೆ ಸೊಂಟ ಹಿಡಿಯುತ್ತೆ. ಒಂದು ಅಂಗೈ ಭುಜದ ಕೆಳಗೆ ಊರು, ಒಂದು ಮಂಡಿ ಪಕ್ಕಕ್ಕೆ ಮೇಲೆ ಎಳ್ಕೋ, ದೇಹ ತಳ್ಳಿ ಆ ಮಂಡಿ ಮೇಲೆ ಬಾ, ಇನ್ನೊಂದು ಪಾದ ಮುಂದಿಟ್ಟು ಏಳು. ಇನ್ನೊಂದು ಕೈಲಿ ಬಂದೂಕು, ಅದರ ಮೂತಿ ಮಣ್ಣಿಗೆ ತಾಗದ ಹಾಗೆ. ಪ್ರತಿ ಸಲ ಕಾಲು ಬದಲಾಯಿಸು. ಒಂದೇ ಕಾಲಲ್ಲಿ ಎದ್ರೆ ಆ ತೊಡೆ ಒಂದೇ ಸಾಯುತ್ತೆ.

ಭಾರದ ನಡಿಗೆಗೆ 5 ಕೆಜಿಯಿಂದ ಶುರು, ವಾರಕ್ಕೆ ಒಂದು ಕೆಜಿ ಮಾತ್ರ ಏರಿಸು, 10 ದಾಟಿಸಬೇಡ. 40 ನಿಮಿಷ, ಉಬ್ಬುತಗ್ಗು ನೆಲದಲ್ಲಿ, ಆಟಕ್ಕೆ ಹಾಕೋ ಬೂಟಲ್ಲೇ. ಹೊಸ ಬೂಟನ್ನ ಆಟದ ದಿನವೇ ಹಾಕಿದವನ ಹಿಮ್ಮಡಿಯಲ್ಲಿ ಮೊದಲ ಗಂಟೆಗೇ ಬೊಬ್ಬೆ ಏಳುತ್ತೆ. ಚೀಲ ಹೊತ್ತು ಓಡಬೇಡ, ನಡಿಗೆ ಅಂದ್ರೆ ನಡಿಗೆ. ಕೊನೇ ಎರಡು ವಾರ ಮುಖದ ಮಾಸ್ಕು, ಗಾಗಲ್ಸು, ಹೆಲ್ಮೆಟ್ ಇದ್ರೆ ಅದನ್ನೂ ಮನೆಯಲ್ಲಿ ಒಂದು ಗಂಟೆ ಹಾಕ್ಕೊಂಡಿರು. ಕುತ್ತಿಗೆಗೆ ಆ ಭಾರ ಹೊಸದು. ಮಾಸ್ಕ್ ಒಳಗೆ ಉಸಿರು ಬಿಸಿ ಬಿಸಿ ಆಗಿ ಗಾಬರಿ ಆಗೋರೂ ಇದ್ದಾರೆ, ಅದು ಮೊದಲೇ ಗೊತ್ತಾಗಲಿ. ಏದುಸಿರು ಬಿಟ್ಟಷ್ಟೂ ಗಾಜಿನ ಮೇಲೆ ಮಂಜು ಕೂರುತ್ತೆ, ಹಾಗಾಗಿ ದಮ್ಮು ಇದ್ದವನಿಗೆ ಕಣ್ಣೂ ಚೆನ್ನಾಗಿ ಕಾಣುತ್ತೆ ಅನ್ನಬಹುದು! ಎಷ್ಟೇ ಮಂಜಾದ್ರೂ ಆಟದ ಜಾಗದೊಳಗೆ ಗಾಗಲ್ಸ್ ಎತ್ತಬೇಡ. ಕೈ ಎತ್ತಿ 'ಹಿಟ್' (ಗುಂಡು ಬಿತ್ತು, ನಾನು ಔಟ್) ಅಂತ ಕೂಗಿ, ಸುರಕ್ಷಿತ ಜಾಗಕ್ಕೆ ಹೋಗಿ ಒರೆಸ್ಕೋ. ಒಂದು ಸುತ್ತು ಹೋದ್ರೆ ಹೋಗಲಿ.

ಚಿಕ್ಕಮ್ಮ, ಈಗ ಮಂಡಿ ವಿಚಾರ. ಸರಿಯಾಗಿ ಹಂತ ಹಂತವಾಗಿ ಮಾಡಿದ ಬಸ್ಕಿಯಿಂದ ಮಂಡಿ ಕೆಡಲ್ಲ, ಸುತ್ತಲಿನ ಸ್ನಾಯು ಗಟ್ಟಿಯಾಗಿ ಮಂಡಿಗೇ ಆಸರೆ ಆಗುತ್ತೆ. ಈ ಆಟದಲ್ಲಿ ಮಂಡಿಗೆ ಪೆಟ್ಟಾಗೋದು ಮುಖ್ಯವಾಗಿ ಎರಡು ಕಡೆ. ಒಂದು, ಕಲ್ಲಿನ ಮೇಲೆ ಧೊಪ್ಪಂತ ಮಂಡಿಯೂರಿದಾಗ. ಅದಕ್ಕೆ ಗಟ್ಟಿ ಚಿಪ್ಪಿನ ನೀ ಪ್ಯಾಡ್ ಬೇಕು, ಮೆತ್ತನೆಯ ಬಟ್ಟೆಯದ್ದು ಸಾಲಲ್ಲ. ಎರಡು, ಓಡ್ತಾ ಥಟ್ಟಂತ ತಿರುಗಿದಾಗ ಪಾದ ನೆಲಕ್ಕೆ ಅಂಟ್ಕೊಂಡು ಮಂಡಿ ಮಾತ್ರ ತಿರುಗೋದು. ಅದಕ್ಕೇ ಮೇಲೆ ಚಿಕ್ಕ ಹೆಜ್ಜೆ ಅಂದಿದ್ದು. ನೋವನ್ನ ಹತ್ತಕ್ಕೆ ಅಳೀರಿ: ಮೂರರವರೆಗಿನ ನೋವು, ಮಾರನೇ ದಿನ ಬೆಳಿಗ್ಗೆ ಹೋಗಿಬಿಟ್ರೆ ಪರವಾಗಿಲ್ಲ, ಮುಂದುವರಿಸಬಹುದು. ಮಂಡಿ ಊದಿಕೊಂಡ್ರೆ, ಸಿಕ್ಕಿಹಾಕ್ಕೊಂಡ್ರೆ, ನಡೀವಾಗ ಕೈಕೊಟ್ರೆ ಡಾಕ್ಟರ್ ಹತ್ರ ಹೋಗ್ಲೇಬೇಕು. ಮತ್ತೆ ಮಾವ, ನೀವೂ ಹೋಗ್ತೀನಿ ಅಂದಿದ್ರಲ್ಲ, ಬಿಪಿ ಇರೋರು ಚುರುಕು ಓಟ ಶುರು ಮಾಡೋಕೆ ಮುಂಚೆ ಡಾಕ್ಟರನ್ನ ಕೇಳಿ. ಎದೆ ಬಿಗಿತ ಬಂದ್ರೆ ಅಲ್ಲೇ ನಿಲ್ಲಿಸಿ, ತಕ್ಷಣ ತೋರಿಸಿ.

ಎಂಟನೇ ವಾರ ಎಲ್ಲ ಅರ್ಧಕ್ಕೆ ಇಳಿಸು, ಕೊನೇ ಮೂರು ದಿನ ಬರೀ ನಡಿಗೆ. ಕೊನೇ ವಾರ ಬಾಕಿ ತೀರಿಸೋಕೆ ಹೋದವನು ನೋಯೋ ಕಾಲಲ್ಲೇ ಆಟಕ್ಕೆ ಬರ್ತಾನೆ.

ಆಟದ ದಿನ: ಊಟ ಎರಡು ಮೂರು ಗಂಟೆ ಮುಂಚೆ. ನೀರು ಎರಡು ಗಂಟೆ ಮುಂಚೆ ಅರ್ಧ ಲೀಟರ್, ಆಮೇಲೆ ಬಾಯಾರಿದ ಹಾಗೆ, ಸುತ್ತು ಸುತ್ತಿನ ಮಧ್ಯೆ ಗುಟುಕು ಗುಟುಕಾಗಿ. ಒಂದೆರಡು ಗಂಟೆ ಮೀರಿ ಬೆವರಿದ್ರೆ ನೀರಿಗೆ ಉಪ್ಪಿನಂಶವೂ ಸೇರಬೇಕು. ಬರೀ ನೀರನ್ನ ಲೀಟರ್‌ಗಟ್ಟಲೆ ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ, ಅದೂ ಅಪಾಯವೇ. ತಲೆನೋವು, ವಾಕರಿಕೆ, ತಲೆ ಸುತ್ತು ಬಂದ್ರೆ ವೆಸ್ಟ್ ಬಿಚ್ಚಿ ನೆರಳಿಗೆ ಬಾ. ಯಾರಾದ್ರೂ ತೊದಲೋಕೆ, ತಲೆಬುಡ ಇಲ್ಲದೆ ಮಾತಾಡೋಕೆ ಶುರು ಮಾಡಿದ್ರೆ ಮೈಮೇಲೆ ನೀರು ಸುರಿದು ತಂಪು ಮಾಡ್ತಾ ಆಂಬುಲೆನ್ಸ್ ಕರೀಬೇಕು, ಕಾಯಬಾರದು.

ಮೊದಲ ಸುತ್ತಿಗೆ ಮುಂಚೆ 10 ನಿಮಿಷ ಮೈ ಬಿಸಿ ಮಾಡು: ಬಿರುಸು ನಡಿಗೆ, ಕಾಲು ಬೀಸೋದು, 10 ಬಸ್ಕಿ, ಮೂರು ಅರೆಜೋರಿನ ಓಟ. ಊಟದ ಬಿಡುವಾದ ಮೇಲೂ ಇದನ್ನೇ ಮಾಡು, ಅದನ್ನ ಎಲ್ಲರೂ ಮರೀತಾರೆ. ಅರ್ಧ ಗಂಟೆ ಕೂತ ಮೇಲೆ ಮೈ ಆರಿರುತ್ತೆ, ಮೀನಖಂಡ ಹಿಡಿಯೋದು ಆಮೇಲಿನ ಮೊದಲ ಓಟದಲ್ಲೇ. ಹೊಂಚು ಹಾಕಿ ಕಾಯ್ತಿರುವಾಗಲೂ ನಿಮಿಷಕ್ಕೊಮ್ಮೆ ಮಂಡಿ ಬದಲಾಯಿಸು, ಹಿಮ್ಮಡಿ ಎತ್ತಿ ಇಳಿಸ್ತಾ ಇರು.

ಇವತ್ತೇ ಒಂದು ಪರೀಕ್ಷೆ ಮಾಡು ತಮ್ಮಾ. ಬರಿಗಾಲಲ್ಲಿ ಗೋಡೆ ಮುಂದೆ ಒಂದು ಮಂಡಿಯೂರಿ ಕೂರು. ಮುಂದಿರೋ ಪಾದದ ಹಿಮ್ಮಡಿ ಏಳದ ಹಾಗೆ ಆ ಮುಂದಿನ ಕಾಲಿನ ಮಂಡಿ ಗೋಡೆಗೆ ತಾಗಬೇಕು. ಪಾದವನ್ನ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸ್ತಾ, ಹೆಬ್ಬೆರಳಿಂದ ಗೋಡೆಗೆ ಎಷ್ಟು ದೂರ ಇದ್ರೂ ತಾಗುತ್ತೆ ಅಂತ ಅಳತೆ ತಗೋ. 10 ಸೆಂಟಿಮೀಟರ್ ಇದ್ರೆ ಒಳ್ಳೇದು. ಅದಕ್ಕಿಂತ ಬಹಳ ಕಡಿಮೆ ಇದ್ರೆ ಕುಕ್ಕರಗಾಲಲ್ಲಿ ಕೂತಾಗ ಹಿಮ್ಮಡಿ ಎದ್ದು ಮೈ ತೂಗಾಡುತ್ತೆ. ಆಗ ದಿನಾ ಇದೇ ಭಂಗಿಯಲ್ಲಿ ಕಾಲಿಗೆ 15 ಸಲ ಮಂಡಿ ಮುಂದೆ ತಳ್ಳೋದನ್ನ ಮೊದಲ ವಾರದಿಂದಲೇ ಸೇರಿಸಬೇಕು. ಎರಡೂ ಕಾಲಿನ ಅಳತೆ ಇಲ್ಲೇ ಗ್ರೂಪಲ್ಲಿ ಹಾಕು, ಒಂದಕ್ಕೊಂದು ವ್ಯತ್ಯಾಸ ಜಾಸ್ತಿ ಇದ್ರೆ ಓಟಕ್ಕೆ ಮುಂಚೆ ಅದನ್ನ ನೋಡೋಣ.